ಬಲವಾದ ವರ್ಗ ಯಾವುದು?

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಕೇಳಿ ಹಿರಿಯರಲ್ಲಿ ಕೆಲವರು ಹುಬ್ಬೇರಿಸಿರಬಹುದು. ಕಂಪ್ಯೂಟರಿನ ಆಟಕ್ಕೂ ವಾಚನಾಲಯದ ಕೂಟಕ್ಕೂ ಏನು ಸಂಬಂಧ ಎಂದು ಕೇಳುವುದು ನ್ಯಾಯವೇ. ಆದರೆ ಪಾಳಿ ಮುಗಿಸಿ, ಖೋಲಿಗೆ ಬಂದು, ಊಟ ಮಾಡಿದ ಮೇಲೆ ಕೈಯಲ್ಲಿ ಉಳಿಯುವ ಒಂದು ಗಂಟೆಯನ್ನು ನಮ್ಮ ತರುಣರಲ್ಲಿ ಅನೇಕರು ಇಂಥ ಆಟಗಳಲ್ಲಿ ಕಳೆಯುತ್ತಾರೆಂಬುದು ಸುಳ್ಳಲ್ಲ. ಊರು ಬಿಟ್ಟು ಬಂದವನಿಗೆ ಆ ಒಂದು ಗಂಟೆ ದೊಡ್ಡ ಆಸ್ತಿ. ಅದನ್ನು ಹೇಗೆ ಹೂಡಬೇಕೆಂದು ವಿಚಾರಿಸುವುದರಲ್ಲಿ ತಪ್ಪೇನೂ ಕಾಣದು.

ತರುಣರು ಕೇಳುವ ಪ್ರಶ್ನೆ ಒಂದೇ: "ಯಾವ ಕ್ಲಾಸ್ ಸ್ಟ್ರಾಂಗು?" ಕ್ಲಾಸ್ ಎಂದರೆ ಏನೆಂದು ತಿಳಿಯದವರಿಗಾಗಿ ಎರಡು ಮಾತು. ಈ ಆಟಗಳಲ್ಲಿ ಸಾವಿರಾರು ಜನ ತಮ್ಮ ತಮ್ಮ ಮನೆಗಳಿಂದಲೇ ಇಂಟರ್ನೆಟ್ಟಿನ ಮೂಲಕ ಒಂದೇ ಕಲ್ಪನೆಯ ಲೋಕವನ್ನು ಸೇರುತ್ತಾರೆ. ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಬೇಟೆಗಾರ, ಹೀಗೆ ಒಬ್ಬೊಬ್ಬರದು ಒಂದೊಂದು ವೇಷ. ಆ ವೇಷದ ಜಾತಿಯೇ ಕ್ಲಾಸು, ನಾವು ವರ್ಗವೆನ್ನೋಣ. ಮೊದಲ ದಿನವೇ ವರ್ಗವನ್ನು ಆರಿಸಿಕೊಳ್ಳಬೇಕು. ಇಂದು ನಾವು ಉದಾಹರಣೆಗೆ ತೆಗೆದುಕೊಂಡಿರುವ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದಲ್ಲಿ ಒಮ್ಮೆ ಆರಿಸಿದ ವರ್ಗವನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಬೇರೆಯದು ಬೇಕೆಂದರೆ ಬೇರೆ ವೇಷವನ್ನೇ ಕಟ್ಟಬೇಕು. ಹಳೆಯ ವೇಷ ಏರಿದ ಮಟ್ಟ ಹೊಸದಕ್ಕೆ ಬರುವುದಿಲ್ಲ. ಪ್ರಶ್ನೆಯ ತೂಕ ಇರುವುದು ಇಲ್ಲಿಯೇ.

ಈ ವರ್ಗಗಳ ಹುಟ್ಟು ಕಂಪ್ಯೂಟರಿನಲ್ಲಿ ಆದುದಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಕಾಗದ, ಪೆನ್ಸಿಲು, ದಾಳಗಳನ್ನಿಟ್ಟುಕೊಂಡು ಮೇಜಿನ ಸುತ್ತ ಕುಳಿತು ಆಡುವ ಆಟವದು. ಅದರಲ್ಲಿ ಇದ್ದುದು ಮೂರೇ ವರ್ಗ: ಕಾದುವವನು, ಮಂತ್ರಗಾರ, ಪುರೋಹಿತ. ಹೊಸ ಮಂತ್ರಗಾರನಿಗೆ ದಿನಕ್ಕೆ ಒಂದೇ ಮಂತ್ರ. ಮೈಗೆ ಕವಚವಿಲ್ಲ, ಕೈಯಲ್ಲಿ ಒಂದು ಬಾಕು ಮಾತ್ರ. ಒಂದು ಏಟು ಬಿದ್ದರೆ ಅವನ ಕಥೆ ಮುಗಿದಂತೆಯೇ. ಆದರೆ ಬದುಕಿ ಮೇಲೇರಿದವನ ಮುಂದೆ ಯೋಧನೂ ಸಣ್ಣವನಾಗುತ್ತಿದ್ದ. ಹಾಗಾದರೆ ಇಬ್ಬರಲ್ಲಿ ಬಲಶಾಲಿ ಯಾರು? ಆರಂಭದಲ್ಲಿ ಕೇಳಿದರೆ ಒಂದು ಉತ್ತರ, ಕೊನೆಯಲ್ಲಿ ಕೇಳಿದರೆ ಇನ್ನೊಂದು.

ಈ ಪರಂಪರೆಯಲ್ಲಿಯೇ 2004ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಬ್ಲಿಜರ್ಡ್ ಕಂಪನಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟನ್ನು ಹೊರತಂದಿತು. ಆಗ ಅದರಲ್ಲಿ 9 ವರ್ಗಗಳಿದ್ದುವು. ಈಗ 13 ಇವೆ. ಎಷ್ಟೇ ಇರಲಿ, ಐದು ಜನ ಕೂಡಿ ಗುಹೆಯೊಳಗೆ ಹೋದಾಗ ಮಾಡಬೇಕಾದ ಕೆಲಸಗಳು ಮೂರೇ. ಒಬ್ಬನು ಮುಂದೆ ನಿಂತು ಶತ್ರುವಿನ ಏಟುಗಳನ್ನು ತಾನು ತಿನ್ನಬೇಕು. ಅವನನ್ನು ಟ್ಯಾಂಕ್ ಎನ್ನುತ್ತಾರೆ. ಇನ್ನೊಬ್ಬನು ಗಾಯಗಳನ್ನು ಮಾಯಿಸಬೇಕು, ಅವನು ಹೀಲರ್. ಉಳಿದ ಮೂವರು ಹೊಡೆಯಬೇಕು.

ಹೊಸಬರಿಗೆ ಹೊಡೆಯುವವನೇ ಬಲಶಾಲಿಯೆಂದು ತೋರುತ್ತದೆ. ಆದರೆ ಆಟದ ಒಳಲೆಕ್ಕವೇ ಬೇರೆ. ಪ್ರತಿಯೊಂದು ಶತ್ರುವಿನ ಹತ್ತಿರ ಒಂದು ಗುಪ್ತ ಖಾತೆಪುಸ್ತಕವಿದೆಯೆಂದು ತಿಳಿಯಿರಿ. ಯಾರು ಎಷ್ಟು ಹೊಡೆದರು, ಯಾರು ಎಷ್ಟು ಗಾಯ ಮಾಯಿಸಿದರು ಎಂಬುದೆಲ್ಲ ಅದರಲ್ಲಿ ಕೋಪದ ಲೆಕ್ಕವಾಗಿ ಜಮೆಯಾಗುತ್ತದೆ. ಟ್ಯಾಂಕಿನ ಹೆಸರಿನಲ್ಲಿ ಕೋಪ 1000 ಇದ್ದರೆ, ಹತ್ತಿರ ನಿಂತು ಹೊಡೆಯುವವನ ಲೆಕ್ಕ 1100ನ್ನು, ದೂರ ನಿಂತವನ ಲೆಕ್ಕ 1300ನ್ನು ಮೀರಿದ ಕ್ಷಣವೇ ಶತ್ರು ಅವನ ಕಡೆ ತಿರುಗುತ್ತದೆ. ತೆಳು ಬಟ್ಟೆಯ ಮಂತ್ರಗಾರನು ಅದರ ಏಟನ್ನು ಎಷ್ಟು ಹೊತ್ತು ತಡೆದಾನು? ಅವನು ಸತ್ತರೆ ಕೆಲಸ ಉಳಿದ ನಾಲ್ವರ ತಲೆಯ ಮೇಲೆ. ಕೈ ಎಷ್ಟು ಬಿಗಿಯಾಗಿದ್ದರೂ ಅದನ್ನು ತಡೆಹಿಡಿಯಲು ಬಾರದವನಿಂದ ಗುಂಪಿಗೆ ನಷ್ಟವೇ ಹೊರತು ಲಾಭವಿಲ್ಲ.

ಇನ್ನು ಒಂಟಿಯಾಗಿ ಆಡುವವನ ಮಾತು. ಹಂಟರ್ ಎಂಬ ಬೇಟೆಗಾರನ ಜೊತೆ ಸಾಕಿದ ಪ್ರಾಣಿಯಿದೆ. ಅದು ಮುಂದೆ ನಿಂತು ಕಾದುತ್ತದೆ, ಇವನು ದೂರದಿಂದ ಬಾಣ ಬಿಡುತ್ತಾನೆ. ವಾರ್ಲಾಕ್ ಎಂಬ ಮಾಟಗಾರನಿಗೂ ಹೇಳಿದಂತೆ ಕೇಳುವ ಪಿಶಾಚಿಯಿದೆ. ಇವರಿಬ್ಬರಿಗೂ ಒಂಟಿ ದಾರಿ ಸಲೀಸು. ಆದರೆ 2004ರ ಆಟದ ಯೋಧ ಒಂಟಿಯಾಗಿ ಹೋದರೆ ಪ್ರತಿ ಕಾಳಗದ ನಂತರ ಕುಳಿತು ರೊಟ್ಟಿ ತಿಂದು ಸುಧಾರಿಸಿಕೊಳ್ಳಬೇಕಾಗಿತ್ತು. ಅದೇ ಯೋಧನನ್ನು 40 ಜನರ ದೊಡ್ಡ ದಂಡಿನಲ್ಲಿ ನಿಲ್ಲಿಸಿ ನೋಡಿ: ಅವನಿಲ್ಲದೆ ದಂಡು ಒಂದು ಹೆಜ್ಜೆ ಮುಂದಿಡದು. ಅಲ್ಲಿ ಮಾಟಗಾರನ ಪಾಡು ತಿರುವುಮುರುವು. ಒಂದು ಶತ್ರುವಿನ ಮೇಲೆ ಏಕಕಾಲಕ್ಕೆ ಇಷ್ಟೇ ಶಾಪಗಳು, ಇಷ್ಟೇ ವಿಷಗಳು ನಿಲ್ಲಬಹುದೆಂಬ ನಿಯಮವಿತ್ತು. ಮೊದಲು 8, ಆಮೇಲೆ 16. ನಲವತ್ತು ಜನ ಹಂಚಿಕೊಳ್ಳಬೇಕಾದ ಆ ಹದಿನಾರರಲ್ಲಿ ಮಾಟಗಾರನ ಶಾಪಗಳಿಗೆಲ್ಲ ಜಾಗ ಸಿಕ್ಕೀತೆ? ಒಂಟಿ ದಾರಿಯ ಬಲ ದಂಡಿನಲ್ಲಿ ಅರ್ಧವಾಯಿತು.

ಸ್ಥಳ ಬದಲಾದರೆ ಬಲ ಬದಲಾಗುವಂತೆ, ಕಾಲ ಬದಲಾದರೂ ಬದಲಾಗುತ್ತದೆ. ಪ್ಯಾಲಡಿನ್ ಎಂಬ ಧರ್ಮಯೋಧನನ್ನು ನೋಡಿ. ಕವಚವಿದೆ, ಗುರಾಣಿಯಿದೆ, ಟ್ಯಾಂಕಾಗಲು ಹೇಳಿ ಮಾಡಿಸಿದ ಆಳು. ಆದರೆ ಶತ್ರುವಿನ ದೃಷ್ಟಿಯನ್ನು ಬಲವಂತದಿಂದ ತನ್ನ ಕಡೆಗೆ ಸೆಳೆಯುವ ವಿದ್ಯೆಯನ್ನು ಮೊದಲ ಆಟದಲ್ಲಿ ಅವನಿಗೆ ಕೊಟ್ಟಿರಲಿಲ್ಲ. ದೊಡ್ಡ ದಂಡುಗಳಲ್ಲಿ ಅವನನ್ನು ಹಿಂದೆ ನಿಲ್ಲಿಸಿ ಗಾಯ ಮಾಯಿಸಲು ಹಚ್ಚುತ್ತಿದ್ದರು. 2007ರ ಜನವರಿಯಲ್ಲಿ ಮೊದಲ ವಿಸ್ತರಣೆ ಬಂದ ಹೊತ್ತಿಗೆ ಆ ವಿದ್ಯೆ ದೊರೆಯಿತು. ಒಟ್ಟಿಗೆ ಹಲವು ಶತ್ರುಗಳನ್ನು ಹಿಡಿದು ನಿಲ್ಲಿಸಬೇಕೆಂದರೆ ಎಲ್ಲರೂ ಪ್ಯಾಲಡಿನ್ನನ್ನೇ ಹುಡುಕತೊಡಗಿದರು. 2008ರ ನವೆಂಬರಿನಲ್ಲಿ ಡೆತ್ ನೈಟ್ ಎಂಬ ಹೊಸ ವರ್ಗ ಬಂತು. ಅದು ಹುಟ್ಟುವಾಗಲೇ 55ನೆಯ ಮಟ್ಟದಲ್ಲಿ ಹುಟ್ಟುತ್ತಿತ್ತು, ಅತಿ ಬಲಶಾಲಿಯೂ ಆಗಿತ್ತು. ಜನ ಮುಗಿಬಿದ್ದರು. ಕೆಲವು ತಿಂಗಳುಗಳಲ್ಲಿ ಕಂಪನಿ ಅದರ ಬಲವನ್ನು ಒಂದಷ್ಟು ಇಳಿಸಿತು. ತರುಣರು ಇದನ್ನೇ 'ನರ್ಫ್' ಎನ್ನುವುದು. ಬಲವೊಂದನ್ನೇ ನೋಡಿ ಆರಿಸಿದವನಿಗೆ ಬಲ ಇಳಿದ ದಿನ ಏನು ಉಳಿಯಿತು? ಆ ವೇಷದ ಕೆಲಸವನ್ನೇ ಮೆಚ್ಚಿ ಆರಿಸಿದವನಿಗೆ ಮಾತ್ರ ಅವನ ಆಟ ಉಳಿಯಿತು.

ಹಾಗಾದರೆ ಆರಿಸುವುದು ಹೇಗೆ? ನಾವು ಮೂರು ಪ್ರಶ್ನೆಗಳನ್ನು ಮುಂದಿಡುತ್ತೇವೆ.

ಮೊದಲನೆಯದು ವೇಳೆಯ ಪ್ರಶ್ನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ನಡುವೆ ಎದ್ದುಹೋಗದೆ ಒಂದು ಗಂಟೆ ಕುಳಿತುಕೊಳ್ಳಬಲ್ಲಿರಾ? ಊರಿನಿಂದ ತಾಯಿಯ ಫೋನು ಬರುವ ಹೊತ್ತು, ಖೋಲಿಯ ಗೆಳೆಯ ಬಾಗಿಲು ತಟ್ಟುವ ಹೊತ್ತು ಅದಾಗಿದ್ದರೆ ಟ್ಯಾಂಕಿನ ಅಥವಾ ಹೀಲರಿನ ಕೆಲಸ ಬೇಡ; ಅವರು ಎದ್ದರೆ ಉಳಿದವರು ಸಾಯುತ್ತಾರೆ. ಹಂಟರ್ ಆಗಿ, ಬೇಕಾದಾಗ ಆಡಿ, ಬೇಡವಾದಾಗ ನಿಲ್ಲಿಸಿ. ಆ ಹೊತ್ತಿಗೆ ನಿಮಗೆ ಅದೇ ಬಲವಾದ ವರ್ಗ.

ಎರಡನೆಯದು ಸ್ವಭಾವದ ಪ್ರಶ್ನೆ. ಗುಂಪು ಸೋತಾಗ ಮೊದಲ ಬೈಗುಳ ಬೀಳುವುದು ಟ್ಯಾಂಕ್ ಮತ್ತು ಹೀಲರ್ ಮೇಲೆ. ದಿನವೆಲ್ಲ ಕಚೇರಿಯಲ್ಲಿ ಮೇಲಿನವರ ಮಾತು ಕೇಳಿ ಬಂದವನು ರಾತ್ರಿ ಅಪರಿಚಿತರ ಬೈಗುಳವನ್ನು ಸಹಿಸಬಲ್ಲನೆ? ಸಹಿಸಬಲ್ಲವನಾದರೆ ಅವನ ಬೆಲೆ ದೊಡ್ಡದು.

ಮೂರನೆಯದು, ನಿಮಗಾಗಿ ಕಾಯುವವರು ಇದ್ದಾರೆಯೆ? 2009ರ ಡಿಸೆಂಬರಿನಿಂದ ಈ ಆಟದಲ್ಲಿ ಐವರ ಗುಂಪನ್ನು ಯಂತ್ರವೇ ಕೂಡಿಸಿಕೊಡುವ ವ್ಯವಸ್ಥೆ ಬಂತು. ಹೊಡೆಯುವವರು ಸಾಲಿನಲ್ಲಿ ಬಹಳ ಹೊತ್ತು ಕಾಯುತ್ತಿದ್ದರು. ಟ್ಯಾಂಕಿಗೆ ಕಾಯುವ ಮಾತೇ ಇರಲಿಲ್ಲ. 2011ರಲ್ಲಿ, ಯಾವ ಕೆಲಸಕ್ಕೆ ಜನ ಕಡಿಮೆಯೋ ಆ ಕೆಲಸ ಹಿಡಿದವರಿಗೆ ಹೆಚ್ಚಿನ ಬಹುಮಾನ ಕೊಡುವ ಏರ್ಪಾಡನ್ನು ಕಂಪನಿಯೇ ಮಾಡಬೇಕಾಯಿತು. ರಾಜ್ಯೋತ್ಸವದ ನಾಟಕದಲ್ಲಿ ಎಲ್ಲರಿಗೂ ದುರ್ಯೋಧನನ ಪಾತ್ರವೇ ಬೇಕು. ಪರದೆ ಎಳೆಯುವವರು ಯಾರೂ ಇಲ್ಲ. ನಮ್ಮ ಸಂಘದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖರ್ಚಿನ ಮಾತನ್ನೂ ಹೇಳಿಬಿಡುತ್ತೇವೆ. ಪೂರ್ತಿ ಆಟಕ್ಕೆ ತಿಂಗಳ ಚಂದಾ ಉಂಟು. ಅಮೆರಿಕದ ಬೆಲೆ ಸುಮಾರು 15 ಡಾಲರ್. ಊರಿಗೆ ಹಣ ಕಳುಹಿಸುವವನಿಗೆ ಇದು ಯೋಚಿಸುವ ಮೊತ್ತವೇ. ಆದರೆ 20ನೆಯ ಮಟ್ಟದವರೆಗೆ ಹಣವಿಲ್ಲದೆ ಆಡಿ ನೋಡಬಹುದು. ಮೊದಲು ಮೂರು ವರ್ಗಗಳನ್ನು ಹತ್ತನೆಯ ಮಟ್ಟದವರೆಗೆ ಆಡಿ. ಒಂದು ಟ್ಯಾಂಕ್ ಆಗಬಲ್ಲುದಿರಲಿ, ಒಂದು ಹೀಲರ್ ಆಗಬಲ್ಲುದಿರಲಿ, ಒಂದು ಹೊಡೆಯುವುದಿರಲಿ. ಯಾವುದನ್ನು ಆಡುವಾಗ ಗಡಿಯಾರ ನೋಡುವುದನ್ನು ಮರೆಯುತ್ತೀರೋ ಅದನ್ನು ಗುರುತು ಹಾಕಿಕೊಳ್ಳಿ. ಚಂದಾದ ವಿಚಾರ ಆಮೇಲೆ.

ಗೆಳೆಯರೆ, ಯಾವ ವರ್ಗ ಬಲವಾದುದೆಂಬುದಕ್ಕೆ ಒಂದು ಹೆಸರು ಹೇಳಿ ಕುಳಿತುಕೊಳ್ಳಬಹುದಾಗಿತ್ತು. ಮುಂದಿನ ಬದಲಾವಣೆ ಬರುವ ಹೊತ್ತಿಗೆ ಆ ಹೆಸರು ಸುಳ್ಳಾಗುತ್ತಿತ್ತು. ನಿಮಗಿರುವ ಒಂದು ಗಂಟೆಯಲ್ಲಿ ಯಾವ ಕೆಲಸವನ್ನು ಕೊನೆಯವರೆಗೆ ಮಾಡಬಲ್ಲಿರೋ, ಯಾವುದನ್ನು ಮಾಡಿದರೆ ಉಳಿದ ನಾಲ್ವರು "ನಾಳೆಯೂ ಬಾ" ಎನ್ನುತ್ತಾರೋ, ನಮ್ಮ ಲೆಕ್ಕದಲ್ಲಿ ಅದೇ ಬಲವಾದ ವರ್ಗ. ಪರಸ್ಥಳದಲ್ಲಿ ಒಂಟಿಯಾಗಿರುವವನಿಗೆ, ಅದು ಆಟದಲ್ಲೇ ಆಗಲಿ, ನಾಳೆಯೂ ಬಾ ಎನ್ನುವವರು ನಾಲ್ಕು ಜನ ಇರುವುದು ಒಳ್ಳೆಯದು. ಆದರೆ ಬೆಳಗಿನ ಪಾಳಿಯನ್ನು ಮರೆಯದೆ ಹೊತ್ತಿಗೆ ಸರಿಯಾಗಿ ಎದ್ದು ಮಲಗಿರಿ.