ಕೇಸು ವಾಪಸಾತಿಯ ಅರ್ಜಿ ಬರೆಯುವವರು ಯಾರು?



ಸಂವಿಧಾನ, ರಾಜಕೀಯ, ಅಪರಾಧ ನ್ಯಾಯ ಮೂರನ್ನೂ ಒಂದೇ ಭಾಷಣದಲ್ಲಿ ಮುಗಿಸುವ ಧೈರ್ಯ ನನಗಿಲ್ಲ. ಮೂರೂ ಎದುರುಬದುರಾಗುವ ಒಂದು ಕಾಗದವಿದೆ: ಮೊಕದ್ದಮೆ ಹಿಂತೆಗೆದುಕೊಳ್ಳಲು ಸರ್ಕಾರಿ ಅಭಿಯೋಜಕರು ಹಾಕುವ ಅರ್ಜಿ. ಮೊನ್ನೆ ಮೊನ್ನೆಯವರೆಗೆ ಅದು ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 321; 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 360. ಅದರ ಬಗ್ಗೆಯಷ್ಟೇ, ಒಂದು ಹಳೆಯ ಪ್ರಕರಣದಿಂದ ಶುರುಮಾಡಿ, ಮಾತಾಡುತ್ತೇನೆ.

2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ನಟ ಡಾ. ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಹಲವರು ಆಗ ಹುಟ್ಟಿರಲಿಕ್ಕಿಲ್ಲ. ಅವನ ಬೇಡಿಕೆಗಳಲ್ಲೊಂದು ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿಯ ಕೈದಿಗಳ ಬಿಡುಗಡೆ. ಮೈಸೂರಿನ ಟಾಡಾ ನ್ಯಾಯಾಲಯದಲ್ಲಿ ವಿಶೇಷ ಅಭಿಯೋಜಕರು ಟಾಡಾ ಆರೋಪಗಳನ್ನು ಕೈಬಿಡಲು ಅರ್ಜಿ ಹಾಕಿದರು, ನ್ಯಾಯಾಲಯ ಒಪ್ಪಿತು. ಸರ್ಕಾರದ ಆತಂಕ ಸುಳ್ಳೇನಲ್ಲ. ಅಣ್ಣಾವ್ರಿಗೆ ಏನಾದರೂ ಆಗಿದ್ದರೆ ಬೆಂಗಳೂರಿನ ತಮಿಳರ ಗತಿ ಏನಾಗುತ್ತಿತ್ತೆಂದು ಊಹಿಸಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೂ ಒಬ್ಬರು ಒಪ್ಪಲಿಲ್ಲ. 1992ರಲ್ಲಿ ವೀರಪ್ಪನ್ ತಂಡದ ಹೊಂಚುದಾಳಿಗೆ ಎಸ್‌ಪಿ ಹರಿಕೃಷ್ಣ ಅವರ ಜೊತೆ ಬಲಿಯಾದ ಪಿಎಸ್‌ಐ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್ 7ರಂದು ನ್ಯಾಯಮೂರ್ತಿ ಭರೂಚಾ ಅವರಿದ್ದ ಪೀಠ ಆ ಅನುಮತಿಯನ್ನು ರದ್ದು ಮಾಡಿತು. ಅಭಿಯೋಜಕರು ಸ್ವಂತ ವಿವೇಚನೆ ಬಳಸಿಲ್ಲ, ಅನುಮತಿ ಕೊಟ್ಟ ನ್ಯಾಯಾಧೀಶರೂ ಅದನ್ನು ಪರಿಶೀಲಿಸಿಲ್ಲ ಎಂಬುದೇ ತೀರ್ಪಿನ ತಿರುಳು. ರಾಜ್ ಬಿಡುಗಡೆಯಾದದ್ದು ಅದಾಗಿ ಎಂಟು ದಿನಕ್ಕೆ.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಮರೆಯುವವರು ಆ ಕೈದಿಗಳು. ಟಾಡಾ ಕಾಯ್ದೆ 1995ರಲ್ಲೇ ಅವಧಿ ಮುಗಿಸಿತ್ತು, ಅದರಡಿ ಒಳಗೆ ಹೋದವರು ಮಾತ್ರ ಜಾಮೀನಿಲ್ಲದೆ ಒಳಗೇ ಉಳಿದಿದ್ದರು. 2001ರಲ್ಲಿ ಅದೇ ಮೈಸೂರಿನ ನ್ಯಾಯಾಲಯ ಬಹುಪಾಲು ಆರೋಪಿಗಳನ್ನು ಖುಲಾಸೆ ಮಾಡಿತು. ರಾಜಕೀಯ ಕಠಿಣ ಕಾಯ್ದೆಯಾಗಿ ಅವರನ್ನು ಒಳಗೆ ಹಾಕಿತು, ಒತ್ತೆಯ ವ್ಯವಹಾರವಾಗಿ ಹೊರಗೆ ಬಿಡಲು ನೋಡಿತು; ಸಾಕ್ಷ್ಯ ಏನು ಹೇಳುತ್ತದೆಂದು ಎರಡೂ ಸಲ ಯಾರೂ ಕೇಳಲಿಲ್ಲ.

ಅಂದು ಜೀವ ಉಳಿಸುವ ನೆಪವಾದರೂ ಇತ್ತು. ಈಗ ಅದೂ ಬೇಕಿಲ್ಲ. 2020ರಲ್ಲಿ ಕರ್ನಾಟಕದಲ್ಲಿ ಒಂದು ಪಕ್ಷದ ಸರ್ಕಾರ 61 ಪ್ರಕರಣ ವಾಪಸ್ ಪಡೆಯಲು ಹೊರಟಿತು, ಹೈಕೋರ್ಟ್ ತಡೆಯಿತು. 2024ರಲ್ಲಿ ಇನ್ನೊಂದು ಪಕ್ಷದ ಸರ್ಕಾರ 43 ಪ್ರಕರಣ ಹಿಂಪಡೆಯಲು ಆದೇಶಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ಪಟ್ಟಿಯಲ್ಲಿ ತಮ್ಮವರಿದ್ದಾಗ ಸಾರ್ವಜನಿಕ ಹಿತಾಸಕ್ತಿ, ಎದುರಾಳಿಯವರಿದ್ದಾಗ ಓಲೈಕೆ. ಶಾಸಕರು, ಸಂಸದರ ಮೇಲಿನ ಕೇಸುಗಳನ್ನು ಹೈಕೋರ್ಟಿನ ಅನುಮತಿಯಿಲ್ಲದೆ ಹಿಂತೆಗೆಯುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಕಾನೂನಿನ ಪ್ರಕಾರ ಅರ್ಜಿ ಸಂಪುಟದ್ದಲ್ಲ, ಅಭಿಯೋಜಕರದ್ದು. ಸರ್ಕಾರ ಸಲಹೆ ಕೊಡಬಹುದು, ತೀರ್ಮಾನ ಅವರದ್ದೇ. ಆದರೆ ಸರ್ಕಾರ ಬದಲಾದ ಮರುತಿಂಗಳೇ ಅಭಿಯೋಜಕರು ಬದಲಾಗುವುದನ್ನು ನೋಡಿಕೊಂಡು ಬಂದ ನಾವು ಆ ಸ್ವಾತಂತ್ರ್ಯವನ್ನು ಎಷ್ಟು ನಂಬೋಣ? ಉತ್ತರ ಪ್ರದೇಶ ತನ್ನ ಜಿಲ್ಲಾ ಸರ್ಕಾರಿ ವಕೀಲರನ್ನೆಲ್ಲ ಒಟ್ಟಿಗೇ ಕೈಬಿಟ್ಟಾಗ, ಅದು ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದು 1990ರಲ್ಲೇ ಶ್ರೀಲೇಖಾ ವಿದ್ಯಾರ್ಥಿ ಪ್ರಕರಣದಲ್ಲಿ ತೀರ್ಪಾಗಿದೆ. ಪಾಲನೆ ಎಲ್ಲಿದೆಯೆಂದು ನಿಮ್ಮ ನಿಮ್ಮ ಜಿಲ್ಲೆಯಲ್ಲೇ ನೋಡಿಕೊಳ್ಳಿ.

ಹೊಸ ಸೆಕ್ಷನ್ 360ರಲ್ಲಿ ನನಗೆ ಹಿಡಿಸಿದ್ದು, ಸಂತ್ರಸ್ತರ ಮಾತು ಕೇಳದೆ ಹಿಂತೆಗೆತಕ್ಕೆ ಅನುಮತಿ ಕೊಡುವಂತಿಲ್ಲ ಎಂಬ ಸಾಲು. ಅಬ್ದುಲ್ ಕರೀಂ ಅವರಂಥವರು ಇನ್ನು ದೆಹಲಿಗೇ ಓಡಬೇಕಿಲ್ಲ. ಆದರೆ ನೋಟಿಸ್ ನಿಜಕ್ಕೂ ತಲುಪಿತೇ, ತಲುಪಿದವರಿಗೆ ವಕೀಲರು ಸಿಕ್ಕರೇ ಎಂದು ನೋಡುವವರು ತಾಲ್ಲೂಕು ಕೋರ್ಟಿನ ವಕೀಲರಾದ ನಾವೇ. ಆದ್ದರಿಂದ ಮಧ್ಯಾಹ್ನದ ಗೋಷ್ಠಿಯಲ್ಲಿ ಎರಡು ನಿರ್ಣಯಗಳನ್ನು ಮಂಡಿಸುತ್ತಿದ್ದೇನೆ. ಹಿಂತೆಗೆತದ ಪ್ರತಿ ಅರ್ಜಿಯ ಜೊತೆಗೂ ಸರ್ಕಾರದ ಸಲಹಾ ಪತ್ರವನ್ನು ಲಗತ್ತಿಸಬೇಕೆಂಬುದು ಒಂದು; ಇಂಥ ಅರ್ಜಿಗಳಲ್ಲಿ ಸಂತ್ರಸ್ತರ ಪರ ನಮ್ಮ ವಕೀಲರ ಸಂಘಗಳು ಶುಲ್ಕವಿಲ್ಲದೆ ವಾದಿಸಬೇಕೆಂಬುದು ಇನ್ನೊಂದು. ಎರಡನೆಯದಕ್ಕೆ ಆಕ್ಷೇಪ ಇರುವವರು ಈಗಲೇ ಹೆಸರು ಬರೆಸಿ, ಊಟಕ್ಕೆ ಮುಂಚೆಯೇ ವಾದ ಮಾಡೋಣ.