ಉಂಡ ಅನ್ನ ಶಕ್ತಿಯಾಗುವ ಬಗೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆಂದು ನೀವು ಎಣಿಸಿರಬಹುದು. ಆದರೆ ಈ ಶಾಲೆಯ ವಿಜ್ಞಾನ ತರಗತಿಯಲ್ಲಿ ಹುಟ್ಟಿದ ಒಂದು ಕುತೂಹಲ ನನ್ನನ್ನು ಇನ್ನೂ ಬಿಟ್ಟಿಲ್ಲ. ಉಂಡ ಮುದ್ದೆ ಮೈಯಲ್ಲಿ ಶಕ್ತಿಯಾಗುವುದು ಹೇಗೆ? ಇವತ್ತು ಅದನ್ನೇ ಹೇಳುತ್ತೇನೆ. ಅದರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಬೇಕಾದ ಒಂದು ಮಾತೂ ಇದೆ.

ರಾಗಿಯ ಪೈರು ಬಿಸಿಲಿನ ಶಕ್ತಿಯನ್ನು ಹಿಡಿದು ಪಿಷ್ಟವಾಗಿ ಕಾಳಿನಲ್ಲಿ ಕೂಡಿಡುತ್ತದೆ. ಮುದ್ದೆ ಜೀರ್ಣವಾದಾಗ ಆ ಪಿಷ್ಟ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆದರೆ ಗ್ಲೂಕೋಸ್ ಐನೂರರ ನೋಟಿದ್ದಂತೆ. ಜೀವಕೋಶದ ಸಣ್ಣಪುಟ್ಟ ಖರ್ಚಿಗೆ ಚಿಲ್ಲರೆ ಬೇಕು. ಆ ಚಿಲ್ಲರೆಯೇ ಎಟಿಪಿ. ಆಮ್ಲಜನಕವಿಲ್ಲದೆ ಒಂದು ಗ್ಲೂಕೋಸ್ ಅಣುವಿನಿಂದ ಸಿಗುವುದು 2 ಎಟಿಪಿ ಮಾತ್ರ. ಆಮ್ಲಜನಕವಿದ್ದರೆ ಸುಮಾರು 30. ಈ ಕೆಲಸ ನಡೆಯುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ. ನಾವು ಉಸಿರಾಡುವುದೇ ಅದಕ್ಕಾಗಿ.

ಯಾವುದೇ ಹೊತ್ತಿನಲ್ಲಿ ನಮ್ಮ ಮೈಯಲ್ಲಿರುವ ಎಟಿಪಿ ಒಂದೆರಡು ಹಿಡಿಯಷ್ಟು. ಆದರೆ ಅದೇ ಮತ್ತೆ ಮತ್ತೆ ಖರ್ಚಾಗಿ, ಮತ್ತೆ ಮತ್ತೆ ತಯಾರಾಗಿ, ದಿನಕ್ಕೆ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟಾಗುತ್ತದೆ. ಇದು ಕಣಜವಲ್ಲ, ದಿನಗೂಲಿ. ಮೈತೂಕದ ಶೇ. 2ರಷ್ಟಿರುವ ಮಿದುಳೊಂದೇ ಶೇ. 20ರಷ್ಟು ಶಕ್ತಿ ಬಳಸುತ್ತದೆ. ಖಾಲಿ ಹೊಟ್ಟೆಯಲ್ಲಿ ಪಾಠ ತಲೆಗೆ ಹತ್ತುವುದು ಕಷ್ಟ.

ಈ ಕೆಲಸಕ್ಕೆ ಕಬ್ಬಿಣದ ಅಂಶ ಎರಡು ಕಡೆ ಬೇಕು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ಬೇಕು, ಮೈಟೊಕಾಂಡ್ರಿಯದೊಳಗಿನ ಪ್ರೋಟೀನುಗಳಲ್ಲೂ ಬೇಕು. ಅದು ಕಡಿಮೆಯಾದರೆ ಉಂಡರೂ ಸುಸ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ಮಗಳು ಬೇಗ ದಣಿದರೆ, ಪಾಠದಲ್ಲಿ ತೂಕಡಿಸಿದರೆ ‘ಸೋಮಾರಿ’ ಎನ್ನುವ ಮೊದಲು ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಇದರ ಹಿಂದೆ ಒಬ್ಬ ಭಾರತೀಯರಿದ್ದಾರೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮೆಟ್ರಿಕ್ ಪಾಸಾದದ್ದು ಮೂರನೆಯ ಪ್ರಯತ್ನದಲ್ಲಿ. ಮುಂದೆ ಹಾರ್ವರ್ಡ್‌ನಲ್ಲಿ ಫಿಸ್ಕೆ ಅವರೊಡನೆ ಸೇರಿ 1929ರಲ್ಲಿ ಸ್ನಾಯುವಿನಲ್ಲಿ ಎಟಿಪಿಯನ್ನು ಕಂಡುಹಿಡಿದರು. ಅದೇ ವರ್ಷ ಜರ್ಮನಿಯ ಲೋಹ್ಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಕೊಂಡಿದ್ದರು. ಆಮೇಲೆ 1940ರ ದಶಕದಲ್ಲಿ ಲೆಡರ್ಲೆ ಕಂಪನಿಯಲ್ಲಿ ಸುಬ್ಬರಾವ್ ಅವರ ನೇತೃತ್ವದ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ಮನೆಯವರು ಈ ಹೆಸರನ್ನು ನೆನಪಿಡಬೇಕು.

ಮಕ್ಕಳೇ, ಆ ಮಾತ್ರೆಯನ್ನು ಕಿಟಕಿಯಾಚೆ ಎಸೆಯಬೇಡಿ. ಊಟವಾದ ಮೇಲೆ ನುಂಗಿ. ಅದರ ಜೊತೆಗೆ ಟೀ, ಕಾಫಿ ಬೇಡ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಡಿ, ಅದು ಸಹಜ.

ಈ ಶಾಲೆ ಐವತ್ತು ವರ್ಷ ನಮಗೆ ಅಕ್ಷರ ಕೊಟ್ಟಿದೆ. ಆ ಅಕ್ಷರ ತಲೆಗೆ ಹತ್ತುವಷ್ಟು ಶಕ್ತಿ ಮಕ್ಕಳ ಮೈಯಲ್ಲಿರುವಂತೆ ನೋಡಿಕೊಳ್ಳುವುದು ಊರಿನವರಾದ ನಮ್ಮೆಲ್ಲರ ಹೊಣೆ.