ಕಣ್ಣಿಲ್ಲದ ಮಗುವಿಗೂ ಅಕ್ಷರ ಬೇಕು

ಸಹೋದರರೇ, ಪ್ರವಾದಿ(ಸ) ಕುರೈಶ್ ಮುಖಂಡರೊಂದಿಗೆ ಮಾತನಾಡುತ್ತಿದ್ದಾಗ ಅಂಧರಾದ ಇಬ್ನು ಉಮ್ಮು ಮಕ್ತೂಮ್(ರ) ಕಲಿಯಲು ಬಂದರು. ಅವರನ್ನು ಕಡೆಗಣಿಸಿದ್ದಕ್ಕಾಗಿ ಅಲ್ಲಾಹನು 'ಅಬಸ' ಅಧ್ಯಾಯದ ಮೂಲಕ ತನ್ನ ಪ್ರವಾದಿಯನ್ನೇ ಎಚ್ಚರಿಸಿದನು. ಮುಂದೆ ಅದೇ ಸಹಾಬಿ ಮದೀನಾದಲ್ಲಿ ಬಿಲಾಲ್(ರ)ರಂತೆ ಅದಾನ್ ಕೊಟ್ಟರು. ಪ್ರವಾದಿ(ಸ) ಪ್ರಯಾಣದಲ್ಲಿದ್ದಾಗ ನಗರದ ಹೊಣೆಯನ್ನೂ ಹೊತ್ತರು.

ನಾವೋ, ಅಂಧ ಮಗು ಕೇಳಿ ಕೇಳಿ ನಾಲ್ಕು ಸೂರಃ ಬಾಯಿಪಾಠ ಮಾಡಿದರೆ ಮಾಷಾ ಅಲ್ಲಾಹ್ ಎಂದು ತಲೆ ಸವರಿ ಸುಮ್ಮನಾಗುತ್ತೇವೆ. ಹೆಣ್ಣು ಮಗುವಾದರೆ ಅಷ್ಟೂ ಇಲ್ಲ. ಆರು ಚುಕ್ಕಿಗಳ ಬ್ರೈಲ್ ಲಿಪಿಯಲ್ಲಿ ಕನ್ನಡವೂ ಇದೆ, ಕುರ್‌ಆನ್ ಕೂಡಾ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಇಂತಹ ಮಕ್ಕಳ ಹಕ್ಕು. ನಮ್ಮ ಜಮಾಅತ್‌ನ ಯಾವ ಮನೆಯಲ್ಲಿ ಇಂತಹ ಮಗು ಕುಳಿತಿದೆ? ಜೂನ್‌ಗೆ ಮೊದಲು ಹುಡುಕಿ ಶಾಲೆಗೆ ಸೇರಿಸೋಣ.